ಬಣ್ಣ ಬಳಿಸುವ ಟೀಚರಮ್ಮ

ಮಗುವಿನ ಕೈಗೆ ಕ್ರೆಯಾನ್ ಕೊಟ್ಟು ಆ ಕಡೆ ನೋಡಿ ಈ ಕಡೆ ತಿರುಗುವಷ್ಟರಲ್ಲಿ ಏನಾದರೊಂದು ಆಗಿಯೇ ಇರುತ್ತದೆ. ಹರವೆ ಕಡೆಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ಹದಿನಾರು ವರ್ಷದಿಂದ ಟೀಚರ್ ಆಗಿರುವ ನನ್ನನ್ನು ಕೇಳಿ.

ನನ್ನದೊಂದು ಪದ್ಧತಿ ಇದೆ. ಹಾಳೆಯ ಮೇಲೆ ನಾನೇ ಒಂದು ಚಿತ್ರ ಬರೆದು, ಕೆಳಗೆ ಅದರ ಹೆಸರನ್ನು ಒಳಗೆ ಖಾಲಿ ಬಿಟ್ಟ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಮಕ್ಕಳು ಚಿತ್ರಕ್ಕೂ ಅಕ್ಷರಕ್ಕೂ ಬಣ್ಣ ತುಂಬಬೇಕು, ತುಂಬುತ್ತಾ ಅದರ ಬಗ್ಗೆ ಮಾತಾಡಬೇಕು. ಹೊಸ ಮಾತು ಬಾಯಿಗೆ ಬರುತ್ತದೆ, ಅಕ್ಷರ ಕಣ್ಣಿಗೆ ಪರಿಚಯವಾಗುತ್ತದೆ. ಆದರೆ ಊರಿನವರಿಗೆ ಕಾಣಿಸುವುದು ಬಣ್ಣ ಮಾತ್ರ.

"ಟೀಚರಮ್ಮ ಬಣ್ಣ ಬಳಿಸ್ತಳೆ ಕಣ, ಪಾಟ ಎಲ್ ಮಾಡ್ತಳೆ?" ಎಂದು ಅರಳಿಕಟ್ಟೆಯಲ್ಲಿ ಶುರು ಮಾಡಿದವರು ಊರಿನ ಯಜಮಾನರು. ಅವರ ಮೊಮ್ಮಗಳು ನನ್ನ ಹತ್ತಿರವೇ ಬರುತ್ತಿದ್ದಳು. ಅವಳನ್ನು ಬಿಡಿಸಿ ಚಾಮರಾಜನಗರದ ಕಾನ್ವೆಂಟ್ ವ್ಯಾನ್ ಹತ್ತಿಸುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಅವಳು ಹೋದರೆ ಹಿಂದೆಯೇ ಇನ್ನೂ ಐದಾರು ಮಕ್ಕಳು ಹೋಗುತ್ತವೆ, ನನ್ನ ಕೇಂದ್ರ ಖಾಲಿಯಾಗುತ್ತದೆ. ಆ ವರ್ಷವೆಲ್ಲ ನನಗೆ ಅದೇ ಭಯ.

ಕೆಂಪು ಆನೆ

ಒಂದು ದಿನ ಮೇಲ್ವಿಚಾರಕಿ ಬಂದರು. ಕರಾವಳಿಯವರು, ಈ ಕಡೆಗೆ ಹೊಸಬರು. ಗೋಡೆಗೆ ಅಂಟಿಸಿದ್ದ ಆನೆಗಳೆಲ್ಲ ಇಟ್ಟಿಗೆಯ ಬಣ್ಣದಲ್ಲಿದ್ದದ್ದು ನೋಡಿ ಹುಬ್ಬೇರಿಸಿದರು.

"ಆನೆ ಯಾವ ಬಣ್ಣ ಅಂತ ಮಕ್ಕಳಿಗೆ ಹೇಳಿಕೊಟ್ಟಿಲ್ವಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ನಾಲ್ಕು ವರ್ಷದವಳೊಬ್ಬಳು ಎದ್ದು ನಿಂತಳು. "ಅದು ಮಣ್ಣು ಮಿಸ್. ಗೋಪಾಲಸ್ವಾಮಿ ಬೆಟ್ಟಕ್ಕೆ ಓಗ್ವಾಗ ಬಸ್ಸಿಂದ ನೋಡ್ದೆ. ಸೊಂಡ್ಲಲ್ಲಿ ಎತ್ಕೊಂಡು ಬೆನ್ ಮ್ಯಾಲೆ ಎರ್ಚ್ಕತಿತ್ತು."

"ಹಾಗಾದ್ರೆ ಕಪ್ಪು ಆನೆ ಇಲ್ವೇ ಇಲ್ವಾ?"

"ಅದೆ ಮಿಸ್. ಕೆರೆಗ್ ಓಗ್ ಬಂದ್ಮ್ಯಾಲೆ."

ಸೊಂಡಿಲು, ಬೆನ್ನು, ಎರಚುವುದು! ಒಂದೇ ಉಸಿರಿನಲ್ಲಿ ಅಷ್ಟು ಮಾತು ಕೇಳಿ ನನಗೆ ಎದೆ ಉಬ್ಬಿತು. ಮೇಲ್ವಿಚಾರಕಿ ನಮಗೆಂದು ತಂದಿದ್ದ ಬೂದು ಆನೆಯ ಚಾರ್ಟನ್ನು ಮತ್ತೆ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ಇದು ಸ್ನಾನ ಆದ ಆನೆ. ಇನ್ನೊಂದ್ಸಲ ತರ್ತೀನಿ ಬಿಡಿ" ಅಂದರು.

ದೇವರ ಗೂಡಿನ ಹುಲಿ

ಮಕ್ಕಳ ಹಾಳೆಗಳನ್ನೆಲ್ಲ ನಾನು ಒಬ್ಬೊಬ್ಬರ ಹೆಸರಿನ ಫೈಲಿನಲ್ಲಿ ಇಡಬೇಕು. ಒಬ್ಬ ಹುಡುಗನ ಹುಲಿ ಮನೆಗೆ ಹೋದದ್ದು ಮರಳಲೇ ಇಲ್ಲ. ಹುಡುಕಿಕೊಂಡು ಹೋದೆ. ಹುಲಿ ದೇವರ ಗೂಡಿನಲ್ಲಿತ್ತು. ಹಣೆಗೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಚೆಂಡುಹೂವು.

"ಕೊಡಿ ಅಜ್ಜಿ, ಫೈಲಿಗೆ ಹಾಕಬೇಕು" ಎಂದೆ.

"ಮಾದಪ್ಪನ ಹುಲಿ ಕಣವ್ವ. ಪೂಜೆ ಆಗ್ಬುಟ್ಟದೆ, ಈಚೆಗ್ ತಗ್ಯಾಕಿಲ್ಲ" ಎಂದರು ಹುಡುಗನ ಅಜ್ಜಿ.

"ನಾನು ನೋಡಿ ಸ್ಟಾರ್ ಹಾಕಬೇಕಲ್ಲಾ ಅಜ್ಜಿ?"

"ಆಕು, ಯಾರ್ ಬ್ಯಾಡ ಅಂದೋರು? ಕೈಕಾಲ್ ತೊಳ್ಕೊಂಡ್ ಬಾ."

ಕೈಕಾಲು ತೊಳೆದು ಬಂದು, ದೇವರ ಮುಂದೆ ಕೂತು, ವಿಭೂತಿಯ ಪಕ್ಕ ಒಂದು ಸ್ಟಾರ್ ಹಾಕಿದೆ. ಅಷ್ಟರಲ್ಲಿ ಅಜ್ಜಿ ಚಿತ್ರದ ಕೆಳಗೆ ಬೆರಳಿಟ್ಟು, "ಇದು ಹು, ಇದು ಲಿ. ಮೊಗ ಹೇಳ್ಕೊಡ್ತು" ಅಂದರು. ಶಾಲೆಯ ಹೊಸ್ತಿಲು ಕಂಡವರಲ್ಲ ಅವರು. ನನ್ನ ಕಣ್ಣು ತುಂಬಿ ಬಂತು. ಅಜ್ಜಿ ಅದನ್ನು ಭಕ್ತಿ ಅಂದುಕೊಂಡರೇನೋ, "ಮುಂದಿನ್ ವಾರ ಒಂದ್ ಬಸವನ್ನ ಬರ್ದ್ ಕಳ್ಸವ್ವ, ಪಕ್ಕದಲ್ ಜಾಗ ಅದೆ" ಅಂದರು.

ಬುಡ ಮತ್ತು ತುದಿ

ಕೊನೆಗೂ ಆ ದಿನ ಬಂತು. ತಾಯಂದಿರ ಸಭೆ ನಡೆಯುತ್ತಿರುವಾಗಲೇ ಯಜಮಾನರು ಒಳಗೆ ಬಂದು ಕುರ್ಚಿ ಎಳೆದು ಕೂತರು. ಎಣ್ಣೆ ಹಚ್ಚಿ ಬಾಚಿದ ಕಪ್ಪು ತಲೆ, ತಿರುವಿದ ಮೀಸೆ. "ನಮ್ ಮೊಗಿನ್ ಎಸ್ರು ತೆಗ್ದ್ಬುಡಿ ಟೀಚರಮ್ಮ. ಏನ್ ಕಲ್ತದೆ ಇಲ್ಲಿ?"

ಆ ವಾರ ಕಬ್ಬಿನ ಜಲ್ಲೆಗೆ ಬಣ್ಣ ತುಂಬಿಸಿದ್ದೆ. ಮೇಲೆ 'ತುದಿ', ಕೆಳಗೆ 'ಬುಡ' ಎಂದು ಬರೆದಿದ್ದೆ. ಅವರ ಮೊಮ್ಮಗಳನ್ನು ಕರೆದೆ. ಬೆರಳಿಟ್ಟು ಓದಿದಳು.

"ಬಾಯ್ಪಾಟ ಬುಡಿ. ಬ್ಯಾರೆ ಏನಾರ ಓದ್ಲಿ" ಅಂದರು ಯಜಮಾನರು.

ಹುಡುಗಿ ಓಡಿಹೋಗಿ ಬ್ಯಾಗಿನಿಂದ ಒಂದು ಹಾಳೆ ತಂದಳು. ಅವಳೇ ಮನೆಯಲ್ಲಿ ಬರೆದ ಚಿತ್ರ, ನಾನೂ ನೋಡಿರಲಿಲ್ಲ. ಮೀಸೆ ನೋಡಿದ ಕೂಡಲೇ ತಾತ ಎಂದು ಎಲ್ಲರಿಗೂ ಗೊತ್ತಾಯಿತು. ಒಂದೊಂದು ಕೂದಲೂ ಮೇಲೆ ಕಪ್ಪು, ಕೆಳಗೆ ಬಿಳಿ. ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ ಎರಡು ಮಾತು. ಹುಡುಗಿ ಗಟ್ಟಿಯಾಗಿ ಓದಿದಳು.

"ತುದಿ. ಬುಡ. ತಾತನ ಕೂದ್ಲು ತುದಿ ಕಪ್ಪು, ಬುಡ ಬಿಳಿ ಮಿಸ್."

ಹುಡುಗಿಗೆ ಇನ್ನೂ ಹೇಳುವುದಿತ್ತು.

"ತಾತ ಇತ್ತಲಲ್ಲಿ ಕೂತ್ಕೊಂಡು ಬ್ರಷ್ಷಲ್ಲಿ ಬಣ್ಣ ತುಂಬ್ತದೆ ಮಿಸ್. ಗೆರೆ ದಾಟ್ಬುಡ್ತದೆ. ಕಿವಿಗೆಲ್ಲ ಬಳ್ಕತದೆ."

ತಾಯಂದಿರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದರು. ಸುಳ್ಳು ಯಾಕೆ ಹೇಳಲಿ, ನನಗಂತೂ ಕಬ್ಬಿಗೆ ಕಲಿಸಿದ ಮಾತನ್ನು ತಾತನ ತಲೆಗೆ ಹೊಂದಿಸಿ ತಾನೇ ಬರೆದಿದ್ದ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಅನಿಸಿತು.

ಯಜಮಾನರು ಟವೆಲ್ ತೆಗೆದು ತಲೆಗೆ ಸುತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದರು:

"ಎಸ್ರು ತೆಗೀಬ್ಯಾಡಿ ಟೀಚರಮ್ಮ. ಇವ್ಳ್ ಬಾಯಿ ಸುಮ್ಕಿರಾಕಿಲ್ಲ, ಆ ಕಾನ್ವೆಂಟ್ ವ್ಯಾನು ಎಂಟ್ ಊರ್ ಸುತ್ಕೊಂಡ್ ಓಯ್ತದೆ."