ಹಬ್ಬಕ್ಕೆ ಕಂಪ್ಯೂಟರ್ ತೊಳೆದದ್ದು

ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ, ಭಾನುವಾರ ಬೆಳಗ್ಗೆ, ನನ್ನ ಹೆಂಡತಿ ಪ್ರಮೀಳ ನನ್ನ ಕೈಗೆ ಪೊರಕೆ ಕೊಟ್ಟು ಅಟ್ಟ ಹತ್ತಲು ಹೇಳಿದಳು. ನಾನು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವ ಮೇಷ್ಟ್ರು. ಸಾಲದ್ದಕ್ಕೆ ಕಳೆದ ಬೇಸಿಗೆ ರಜೆಯಲ್ಲಿ ಆನ್‌ಲೈನಿನಲ್ಲಿ ಜಾವಾಸ್ಕ್ರಿಪ್ಟ್ ಕಲಿತು ಪ್ರಮಾಣಪತ್ರವನ್ನೂ ಪಡೆದವನು. ಅಂಥವನು ಅಟ್ಟ ಹತ್ತಿ ಜೇಡರ ಬಲೆ ತೆಗೆಯುವುದೆ?

"ಅಟ್ಟ ಯಾರು ಬೇಕಾದ್ರೂ ಗುಡಿಸ್ತಾರೆ. ನಾನು ನಿನ್ನ ಕಂಪ್ಯೂಟರ್ ಕ್ಲೀನ್ ಮಾಡ್ತೀನಿ" ಎಂದೆ.

"ಅದು ಚೆನ್ನಾಗೇ ನಡೀತೈತಲ್ರೀ. ಅದರ ಗೊಡವೆ ನಿಮಗ್ಯಾಕೆ?"

"ನಡೆಯೋದು ಬೇರೆ, ಚೊಕ್ಕಟವಾಗಿರೋದು ಬೇರೆ."

ಈ ಮಾತನ್ನು ನಾನು ಬಹಳ ಗಂಭೀರವಾಗಿ ಹೇಳಿದೆ. ಹೇಳುವಾಗ ನನಗೇ ಒಂದು ಗೌರವ ಹುಟ್ಟಿತು.

ಆ ಕಂಪ್ಯೂಟರಿನಲ್ಲಿ ಏನಿತ್ತು ಎಂದು ಮೊದಲು ಹೇಳಬೇಕು. ಪ್ರಮೀಳ ಮನೆಯಲ್ಲೇ ಗೌರಿ ಬಾಗಿನ ಕಟ್ಟಿ ಕಳಿಸುವ ಕೆಲಸ ಮಾಡುತ್ತಾಳೆ. ಜೋಡಿ ಮೊರ, ಅರಿಸಿನ, ಕುಂಕುಮ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ, ಬೆಲ್ಲದ ಅಚ್ಚು, ಒಂದು ಡಜನ್ ಬಳೆ. ಊರಿಗೆ ಬರಲಾಗದ ಅಣ್ಣ ತಮ್ಮಂದಿರು ಫೋನಿನಲ್ಲೇ ಒಂದು ಫಾರಂ ತುಂಬುತ್ತಾರೆ. ಅಕ್ಕನದೋ ತಂಗಿಯದೋ ಹೆಸರು, ಊರು, ಬಳೆಯ ಬಣ್ಣ, ಬಳೆಯ ಅಳತೆ ಎಲ್ಲವೂ ಲ್ಯಾಪ್‌ಟಾಪಿನ ಒಂದು ಪ್ರೋಗ್ರಾಮಿನಲ್ಲಿ ಪಟ್ಟಿಯಾಗಿ ಬರುತ್ತವೆ. ಅದರಿಂದ ಚೀಟಿ ಪ್ರಿಂಟ್ ತೆಗೆದು, ನೋಡಿಕೊಂಡು ಮೊರ ತುಂಬಿ, ಬಸ್ಸಿಗೆ ಹಾಕುವುದು. ಈ ಸಲ ನಲವತ್ಮೂರು ಆರ್ಡರ್ ಬಂದಿದ್ದವು. ಮಂಗಳವಾರ ಬೆಳಗ್ಗೆ ಬಸ್ಸಿಗೆ ಹಾಕದಿದ್ದರೆ ನಲವತ್ಮೂರು ಮನೆಗಳಲ್ಲಿ ಹೆಣ್ಣುಮಕ್ಕಳು ತವರಿನ ಬಾಗಿನವಿಲ್ಲದೆ ಹಬ್ಬ ಮಾಡಬೇಕು.

ಪ್ರೋಗ್ರಾಂ ಬರೆದವಳು ಪ್ರಮೀಳಳ ತಂಗಿ ರೂಪ. ಶಾಂತಿಗ್ರಾಮದಲ್ಲಿ ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ ಬಂದು, ಮಿಕ್ಕ ಹೊತ್ತಿನಲ್ಲಿ ಅಂಗಡಿಯವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಾಳೆ. ಅವಳಿಗೆ ಪ್ರಮಾಣಪತ್ರವಿಲ್ಲ. ಹಾಗಾಗಿ ಅವಳ ಕೆಲಸದ ಮೇಲೆ ನನಗೆ ಅಷ್ಟಕ್ಕಷ್ಟೆ.

ಫೋಲ್ಡರ್ ತೆರೆದೆ. ಒಳಗಿನ ಕೊಳೆ ನೋಡಿ ಮೈ ಉರಿಯಿತು. ಪ್ರೋಗ್ರಾಂ ಬಳಸುವ ಪ್ಯಾಕೇಜುಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ತುಣುಕುಗಳು, ಒಟ್ಟು ಹದಿನಾಲ್ಕು. ಹದಿನಾಲ್ಕೂ ಹಳೆಯವು! ಪಕ್ಕದಲ್ಲಿ ಲಾಕ್ ಫೈಲ್ ಅಂತ ಒಂದು ಕಡತ. ತೆರೆದರೆ ಹನ್ನೊಂದು ಸಾವಿರ ಸಾಲು, ಒಂದೂ ಮನುಷ್ಯರು ಓದುವಂಥದ್ದಲ್ಲ. ಮನೆಯಲ್ಲಿ ಹಬ್ಬಕ್ಕೆ ಏನು ಮಾಡುತ್ತೇವೆ? ಹಳೆಯದನ್ನು ಎಸೆದು ಹೊಸದು ತರುತ್ತೇವೆ. ನಾನೂ ಅದನ್ನೇ ಮಾಡಿದೆ. ಲಾಕ್ ಫೈಲನ್ನು ಅಳಿಸಿದೆ. ಪ್ಯಾಕೇಜುಗಳನ್ನೆಲ್ಲ ಅಳಿಸಿದೆ. ಹದಿನಾಲ್ಕರ ಮುಂದೆಯೂ 'ಎಲ್ಲಕ್ಕಿಂತ ಹೊಸದು' ಎಂದು ಬರೆದೆ. ಕೊನೆಗೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಹಬ್ಬದ ದಿನ ಮನೆಯಲ್ಲಿ ಕಸ ಇಟ್ಟುಕೊಳ್ಳಬಾರದಲ್ಲ!

ಆಮೇಲೆ ಇನ್‌ಸ್ಟಾಲ್ ಎಂದು ಹೊಡೆದೆ. ಪರದೆಯ ತುಂಬ ಕೆಂಪು ಅಕ್ಷರ ಬಂತು.

ಅದರ ಸಾರಾಂಶ ಇಷ್ಟೆ. ಚೀಟಿ ಪ್ರಿಂಟ್ ಮಾಡುವ ಪ್ಯಾಕೇಜಿಗೆ ಪಟ್ಟಿ ತೋರಿಸುವ ಪ್ಯಾಕೇಜಿನ ಹಳೆಯ ಆವೃತ್ತಿ ಬೇಕು. ನಾನು ತರಿಸುತ್ತಿರುವುದು ಹೊಸದು. ಇಬ್ಬರೂ ಒಂದೇ ಮನೆಯಲ್ಲಿ ಇರುವುದಿಲ್ಲವಂತೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿನ ಮಹನೀಯರು ಒಕ್ಕೊರಲಿನಿಂದ, ಆಜ್ಞೆಯ ಕೊನೆಗೆ 'ಫೋರ್ಸ್' ಎಂದು ಸೇರಿಸಿ, ಎಲ್ಲ ಸರಿಹೋಗುತ್ತದೆ ಎಂದಿದ್ದರು. ಯಾರೋ ಮುಖ ಕಾಣದವನು, ಯಾವ ದೇಶದವನೋ, ಎಂದು ಬರೆದದ್ದೋ! ಹತ್ತನೇ ಕ್ಲಾಸಿನ ಮಕ್ಕಳಿಗೆ 'ಪರೀಕ್ಷಿಸದೆ ಏನನ್ನೂ ನಂಬಬೇಡಿ' ಎಂದು ವರ್ಷವಿಡೀ ಬಡಿದುಕೊಳ್ಳುವ ನಾನು ತಕ್ಷಣ ನಂಬಿದೆ.

ಬಲವಂತಕ್ಕೆ ಎಲ್ಲವೂ ತಮಗೆ ಬೇಕಾದ ಬೇರೆ ಪ್ಯಾಕೇಜುಗಳನ್ನೂ ಕಟ್ಟಿಕೊಂಡು ಒಳಗೆ ಬಂದವು. ಹದಿನಾಲ್ಕು ಜನಕ್ಕೆ ಎಲೆ ಹಾಕಿದ್ದೆ, ಪಂಕ್ತಿಗೆ ಸಾವಿರದ ನೂರು ಜನ ಬಂದು ಕೂತರು. ಹೆಮ್ಮೆಯಿಂದ ಪ್ರೋಗ್ರಾಂ ಶುರು ಮಾಡಿದೆ. ಅದು ಶುರುವಾಗಲಿಲ್ಲ. ನೋಡ್ ಎಂಬ ಮೂಲ ಸಾಫ್ಟ್‌ವೇರೇ ಹಳೆಯದಾಯಿತು, ಅದನ್ನೂ ಬದಲಾಯಿಸು ಎಂದಿತು. ಬದಲಾಯಿಸಿದೆ. ಆಗ ಆರ್ಡರುಗಳನ್ನು ಓದುವ ಪ್ಯಾಕೇಜು ಮುನಿಸಿಕೊಂಡು, ನನ್ನನ್ನು ಇಲ್ಲೇ ಹೊಸದಾಗಿ ಕಟ್ಟಬೇಕು, ಅದಕ್ಕೆ ಪೈಥಾನ್ ತಾ ಎಂದಿತು. ಜಾವಾಸ್ಕ್ರಿಪ್ಟ್ ಕೆಲಸಕ್ಕೆ ಪೈಥಾನ್ ಯಾಕೆ? ಕೇಳುವವರು ಯಾರು! ತಂದೆ. ಈಗ ಇನ್ನೊಂದು ದೊಡ್ಡ ಸಾಮಾನು ಬೇಕು ಎಂದಿತು. ಅದನ್ನು ಇಳಿಸುತ್ತಿರುವಾಗ ಅರ್ಧಕ್ಕೇ ಎಲ್ಲ ನಿಂತಿತು. ನಾನು ಬಳಸುತ್ತಿದ್ದುದು ಪ್ರಮೀಳಳ ಫೋನಿನ ಹಾಟ್‌ಸ್ಪಾಟ್. ಅವಳ ಆ ದಿನದ ಡೇಟಾ ಪೂರ್ತಿ ಮುಗಿದಿತ್ತು.

"ರೀ, ಆಗ್ಲಿಂದ ನನ್ ಫೋನಿಗೆ ಒಂದು ಮೆಸೇಜೂ ಬಂದಿಲ್ಲ. ಚೀಟಿ ತೆಗುದ್ರಾ?" ಎನ್ನುತ್ತ ಅವಳು ಬಂದಳು. ತಲೆಯ ಮೇಲೆ ಅಟ್ಟದ ಧೂಳು.

"ಅಪ್‌ಡೇಟ್ ಆಗ್ತಾ ಇದೆ. ನಿನ್ನ ತಂಗಿ ಏನೂ ಸರಿಯಾಗಿ ಮಾಡಿಲ್ಲ. ನಾನು ಬುಡದಿಂದ ಸರಿ ಮಾಡ್ಬೇಕಾಗಿದೆ."

"ನೆನ್ನೆ ಸಂಜೆ ಸರಿಯಾಗಿತ್ತಲ್ಲ?"

"ಹೊರಗೆ ಸರಿಯಾಗಿತ್ತು. ಒಳಗೆ ಕೊಳೆತಿತ್ತು."

ಸೋಮವಾರ ಹಬ್ಬದ ಕೆಲಸವೆಂದು ಶಾಲೆಗೆ ಎರಡು ದಿನದ ರಜೆ ಹಾಕಿದೆ. ನಡುಮನೆಯಲ್ಲಿ ಖಾಲಿ ಮೊರಗಳ ಸಾಲು. ಬಳೆಯ ಡಬ್ಬಗಳು ಒಂದರ ಮೇಲೊಂದು. ಯಾವ ಮೊರಕ್ಕೆ ಯಾವ ಬಳೆ ಎಂದು ಗೊತ್ತಿಲ್ಲದೆ ಪ್ರಮೀಳ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮನೆಯ ಬೋರೇಗೌಡರು ಇಣುಕಿದರು.

"ಏನ್ ಮೇಷ್ಟ್ರೇ, ಮೋಟ್ರು ಸುಟ್ಟೋದಂಗೆ ಮಕ ಮಾಡ್ಕಂಡಿದ್ದೀರಿ? ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಇದು ಅಂಥ ಸಮಸ್ಯೆ ಅಲ್ಲ ಗೌಡ್ರೇ. ಇದು ಪ್ಯಾಕೇಜುಗಳ ಪರಸ್ಪರ ಅವಲಂಬನೆಯ ಸಮಸ್ಯೆ."

"ಅಂಗಂದ್ರೆ?"

ಹಾಗೆಂದರೆ ಏನು ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಉದ್ದ ಹೇಳುತ್ತಲೇ ಇರಲಿಲ್ಲ. ಅವರು ಹೋದ ಮೇಲೆ ಗುಟ್ಟಾಗಿ ಒಂದು ಸಲ ಆಫ್ ಮಾಡಿ ಆನ್ ಮಾಡಿದೆ.

ಏನೂ ಆಗಲಿಲ್ಲ. ಮಧ್ಯಾಹ್ನದವರೆಗೆ ಇನ್ನೂ ಮೂರು ಮಹನೀಯರ ಸಲಹೆ ಪಾಲಿಸಿ, ಒಂದಿದ್ದ ತಪ್ಪನ್ನು ಒಂಬತ್ತು ಮಾಡಿದೆ. ಆಗ ಪ್ರಮೀಳ ನನ್ನನ್ನು ಕೇಳದೆ ರೂಪಳಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಇಟ್ಟಳು. ಆ ಕಡೆ ಹಸು ಅರಚುತ್ತಿತ್ತು.

"ಭಾವ, ಲಾಕ್ ಫೈಲ್ ಐತಾ?" ರೂಪ ಕೇಳಿದಳು.

"ಇತ್ತು."

"ಇತ್ತು ಅಂದ್ರೆ?"

"ಕ್ಲೀನ್ ಮಾಡ್ದೆ."

"ಕಸದ ಬುಟ್ಟೀಲಿ ಇರ್ತದೆ, ನೋಡಿ."

"ಅದನ್ನೂ ಕ್ಲೀನ್ ಮಾಡ್ದೆ."

ಆ ಕಡೆ ಹಸು ಇನ್ನೊಮ್ಮೆ ಅರಚಿತು. ಆಮೇಲೆ ರೂಪ, ತಿಳಿವಳಿಕೆ ಕಡಿಮೆಯಿರುವವರಿಗೆ ಹೇಳುವ ಹಾಗೆ, ಬಹಳ ಸಮಾಧಾನದಿಂದ ಹೇಳಿದಳು.

"ನೋಡಿ ಭಾವ, ಬಳೇಲಿ ಎರಡು ನಾಲ್ಕು, ಎರಡು ಆರು ಅಂತ ಅಳತೆ ಇರ್ತವಲ್ಲ, ಇವೂ ಅಂಗೇಯ. ಎರಡು ನಾಲ್ಕರ ಕೈಗೆ ಹೊಸಾದು ಬಂದೈತೆ ಅಂತ ಎರಡು ಎಂಟು ತೊಡಿಸುದ್ರೆ ಉದುರೋಯ್ತದೆ. ಯಾವ್ ಕೈಗೆ ಯಾವ್ ಅಳತೆ ಅಂತ ಬರೆದಿಟ್ಟಿರೋದೇ ಆ ಲಾಕ್ ಫೈಲು. ಅದನ್ನೇ ಗುಡಿಸಾಕ್ಬುಟ್ರಲ್ಲ."

ನಾನು ವಿಜ್ಞಾನದ ಮೇಷ್ಟ್ರು. ಆರು ವಾರದ ಕೋರ್ಸಿನಲ್ಲಿ ಅರ್ಥವಾಗದ್ದು ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಬಹಳ ಅವಮಾನವಾಯಿತು.

ಅವಳ ಹತ್ತಿರ ಲಾಕ್ ಫೈಲಿನ ಪ್ರತಿ ಇತ್ತು, ಕಳಿಸಿದಳು. ಪ್ರಮೀಳಳ ಆ ದಿನದ ಡೇಟಾವನ್ನೂ ನಾನು ಆಗಲೇ ಮುಗಿಸಿದ್ದರಿಂದ, ಬೋರೇಗೌಡರ ಫೋನಿನಿಂದ ಹಾಟ್‌ಸ್ಪಾಟ್ ಬೇಡಿ ತಂದೆ. ನಾನು ಹಾಕಿದ್ದನ್ನೆಲ್ಲ ತೆಗೆಸಿದಳು, ಹಳೆಯ ನೋಡನ್ನೇ ವಾಪಸು ಹಾಕಿಸಿದಳು, ಲಾಕ್ ಫೈಲಿನಲ್ಲಿ ಇರುವಷ್ಟನ್ನೇ ತರಿಸುವ ಒಂದು ಆಜ್ಞೆ ಹೊಡೆಸಿದಳು. ಎಲ್ಲ ಸೇರಿ ಕಾಲು ಗಂಟೆ. ನಲವತ್ಮೂರು ಹೆಸರೂ ಪರದೆಯ ಮೇಲೆ ಬಂದು ಕೂತವು. ಪ್ರಮೀಳ ತಕ್ಷಣ ಚೀಟಿ ತೆಗೆದು ಮೊರ ತುಂಬತೊಡಗಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

ನಾನು ಅಂಟು ಹಚ್ಚುವ ಹುದ್ದೆಗೆ ಇಳಿದೆ. ಹಿರೀಸಾವೆ, ಹಾಸನ, ಹೊಳೆನರಸೀಪುರ ಎಂದು ಚೀಟಿ ಅಂಟಿಸುತ್ತ ಹೋದೆ. ಕೊನೆಗೆ ಒಂದು ಬಾಗಿನ ಚೀಟಿಯಿಲ್ಲದೆ ಉಳಿಯಿತು. ನನಗೆ ಹೋದ ಜೀವ ಬಂತು.

"ನೋಡು, ಒಂದು ಚೀಟಿ ಕಮ್ಮಿ! ನಿನ್ನ ತಂಗಿ ಪ್ರೋಗ್ರಾಂ ಒಂದು ಆರ್ಡರ್ ನುಂಗಿದೆ."

"ನುಂಗಿಲ್ಲ. ಅದು ಅರಕಲಗೂಡಿಗೆ, ನಿಮ್ ತಂಗಿ ಜಯಂಗೆ. ನೀವು ಆರ್ಡರ್ ಹಾಕುದ್ರೆ ತಾನೆ ಚೀಟಿ ಬರಾದು? ಎಲ್ಲೆಲ್ಲೋ ಇರೋ ಅಣ್ಣಂದಿರೆಲ್ಲ ನೆನಪು ಮಾಡ್ಕಂಡು ಹಾಕವ್ರೆ. ಮನೇಲಿರೋ ಅಣ್ಣಂಗೆ ಮಾತ್ರ ನೆನಪಿಲ್ಲ. ವರ್ಷಾವರ್ಷ ನಾನೇ ಕಟ್ಟಿ, ನಾನೇ ನಿಮ್ ಹೆಸರಲ್ಲಿ ಕಳಿಸ್ತಾ ಇವ್ನಿ. ಎಲ್ಲಿ, ಅವಳ ಬಳೆ ಅಳತೆ ಎಷ್ಟು ಹೇಳಿ ನೋಡಾನ."

ನನಗೆ ಹದಿನಾಲ್ಕು ಪ್ಯಾಕೇಜುಗಳ ಹೊಸ ಆವೃತ್ತಿಯ ಸಂಖ್ಯೆಗಳೂ ಬಾಯಿಪಾಠವಾಗಿದ್ದವು. ಒಬ್ಬಳೇ ತಂಗಿಯ ಕೈ ಅಳತೆ ಗೊತ್ತಿರಲಿಲ್ಲ.

ಮಂಗಳವಾರ ನಲವತ್ಮೂರು ಬಾಗಿನಗಳು ಬಸ್ಸಿನ ಡಿಕ್ಕಿ ಸೇರಿದವು. ನಲವತ್ನಾಲ್ಕನೆಯದನ್ನು ಪ್ರಮೀಳ ನನ್ನ ಕೈಗೆ ಕೊಟ್ಟು, "ಈ ಸಲ ನೀವೇ ಕೊಟ್ ಬನ್ನಿ" ಎಂದಳು. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಮೊರವನ್ನು ಕೂಸಿನಂತೆ ಹಿಡಿದುಕೊಂಡು ಅರಕಲಗೂಡು ಮುಟ್ಟಿದೆ. ಜಯ ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದಳು, "ಎಲ್ಲರ ಅಣ್ಣಂದಿರೂ ಫೋನಲ್ಲಿ ಒತ್ತಿ ಸುಮ್ಕಾಯ್ತಾರೆ. ನಮ್ಮಣ್ಣ ಕಂಪ್ಯೂಟರ್ ಅರೆದು ಕುಡಿದವ್ನು, ಆದ್ರೂ ಕೈಯಲ್ಲೇ ಹೊತ್ಕಂಡು ಬಂದವ್ನೆ."

ಒಳಗೆ ಕೂರಿಸಿ, ತಟ್ಟೆಯ ತುಂಬ ಚಕ್ಕುಲಿ ಇಟ್ಟು, ಬಳೆ ತೊಟ್ಟುಕೊಂಡಳು. ಒಂದೊಂದೂ ಅಳತೆ ತೆಗೆದು ಎರಕ ಹೊಯ್ದಂತೆ ಕೂತಿತು. ಕೈ ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣಲ್ಲಿ ನೀರು.

"ಯಾವ್ ವರ್ಷವೂ ತಪ್ಪಿಲ್ಲ ಕಣಣ್ಣ. ಅದೆಂಗೆ ನನ್ ಅಳತೆ ಇಷ್ಟು ನೆನಪಿಟ್ಕಂಡಿದ್ದೀಯೆ?"

ನಾನು ಇಡೀ ಚಕ್ಕುಲಿಯನ್ನು ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿರುವಾಗ ನಿಜ ಹೇಳಲು ಆಗುವುದಿಲ್ಲವಲ್ಲ.