ವರನ ತಾಯಿಯ ಜಾಗದಲ್ಲಿ ನಾನು

ಇಂದು ನಲ್ಲಿನೀರು ಹಿಡಿದೆ, ಸೀಮೆಎಣ್ಣೆಗೆ ಸರದಿಯಲ್ಲಿ ನಿಂತೆ, ಅನಂತನ ಅಂಗಿಗೆ ಗುಂಡಿ ಹೊಲಿದು ಇಸ್ತ್ರಿ ಮಾಡಿದೆ, ಉಪ್ಪಿಟ್ಟಿಗೆ ರವೆ ಹುರಿದೆ, ಅವನಿಗೆ ಹೆಣ್ಣು ಕೊಡಲು ಬಂದವರನ್ನು ನಗುತ್ತ ಒಳಗೆ ಕರೆದೆ. ಕೊನೆಯದೊಂದನ್ನು ಬಿಟ್ಟರೆ ಎಲ್ಲ ಕೆಲಸವನ್ನೂ ಮನಸ್ಸಿಟ್ಟು ಮಾಡಿದೆ.

ಮರಾಠಿ ಸೀಮೆಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಅನಂತ ಫಿಟ್ಟರ್, ನಾನು ಸ್ಟೋರಿನ ಗುಮಾಸ್ತ. ಬಹಳ ವರ್ಷಗಳಿಂದ ಒಂದೇ ಮನೆಯಲ್ಲಿದ್ದೇವೆ. ನಮ್ಮ ಕಾಲೊನಿಯಲ್ಲಿ ಹೆಂಗಸೊಬ್ಬಳು ಪರಗಂಡಸಿಗೆ ಒಂದು ಬಟ್ಟಲು ಸಕ್ಕರೆ ಕೊಟ್ಟರೂ ನಾಲ್ಕು ಮನೆಗಳಲ್ಲಿ ಚರ್ಚೆಯಾಗುತ್ತದೆ. ನಮ್ಮನ್ನು ಕಂಡರೆ ಮಾತ್ರ ‘ಬಾಡಿಗೆ ಉಳಿಸುವ ಜಾಣರು’ ಎಂಬ ಮೆಚ್ಚುಗೆ. ನಾನು ಅವನಿಗೆ ಏನಾಗಬೇಕು ಎಂಬುದು ನನಗೇ ಸರಿಯಾಗಿ ಬಗೆಹರಿದಿಲ್ಲ. ಗೆಳೆಯ ಎಂದರೆ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಮಾತು, ನನಗೆ ಬರುವ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬೈಗುಳವಾಗಿಯೇ ಸಿಗುತ್ತದೆ.

ಪಕ್ಕದ ಮನೆಯ ಧಾರವಾಡದ ಪದ್ಮಕ್ಕನಿಗೆ ಅದು ತಟ್ಟನೆ ಬಗೆಹರಿಯಿತು. ಸಂಬಂಧ ತಂದವರೂ ಅವರೇ. ಅನಂತ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ; ನನ್ನ ನಿದ್ದೆ ಕೆಟ್ಟದ್ದು ಅದರಿಂದಲೇ. “ಅವಗ ತಾಯಿ ಇಲ್ಲಲ್ರೀ, ಆ ಜಾಗದಾಗ ನೀವ ಕೂಡ್ರಿ. ನಿಮಗಿಂತ ಅವನ್ನ ಬಲ್ಲವರು ಯಾರದಾರ?” ಎಂದು ಪದ್ಮಕ್ಕ ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಅವನನ್ನು ಕಳೆದುಕೊಳ್ಳುವ ಶಾಸ್ತ್ರಕ್ಕೆ ನಾನೇ ಯಜಮಾನಿ!

ಹತ್ತಿರದ ದೇವಳಾಲಿ ಕ್ಯಾಂಪಿನಿಂದ ಹುಡುಗಿಯ ತಂದೆ ಮತ್ತು ಸೋದರತ್ತೆ ಬಂದಿದ್ದರು. “ಊಟಕ್ಕ ಏನ್ ಸೇರ್ತದಪಾ?” ಎಂದು ಅತ್ತೆ ಕೇಳಿದರು. ಅನಂತ ನನ್ನ ಮುಖ ನೋಡಿದ. ತಿಳಿಸಾರು, ಹುಳಿ ಕಡಿಮೆಯಿರಬೇಕು ಎಂದೆ. “ಜಡ್ಡು ಜಾಪತ್ರಿ?” ಮತ್ತೆ ನೋಡಿದ. ಚಳಿಗೆ ಮೂಗು ಕಟ್ಟುತ್ತದೆ, ಓಮದ ಗಂಟು ಮೂಸಲು ಕೊಡಬೇಕು ಎಂದೆ. “ಸಿಟ್ಟು ಬಂದ್ರ?” ಮಾತಾಡಿಸಬಾರದು, ಚಹಾ ಇಟ್ಟು ಹಿತ್ತಲಿಗೆ ಹೋಗಬೇಕು ಎಂದೆ. ಸಂಬಂಧ ಕೆಡಿಸಲು ಹೇಳಿದ್ದಲ್ಲ. ಬರುವವಳಿಗೆ ಅನುಕೂಲವಾಗಲೆಂದೇ ಹೇಳಿದ್ದು.

ಅತ್ತೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಫಳಫಳ ಹೊಳೆಯುವ ಪಾತ್ರೆಗಳು, ಮಡಿಚಿಟ್ಟ ಅಂಗಿಗಳು, ನಾನು, ಎಲ್ಲವನ್ನೂ ಒಂದೊಂದಾಗಿ ನೋಡಿದರು. “ಅಲ್ರೀ, ಇಲ್ಲಿ ಬಂದು ನಮ್ಮ ಹುಡುಗಿ ಏನ್ ಮಾಡ್ಬೇಕು?” ಎಂದು ಎದ್ದೇಬಿಟ್ಟರು. ತಂದೆ ಅರ್ಧ ತಿಂದಿದ್ದನ್ನು ಆಸೆಯಿಂದ ನೋಡಿ ಹಿಂದೆ ನಡೆದರು.

“ಎಲ್ಲಾ ನಿಮ್ಮಿಂದ!” ಎಂದು ಪದ್ಮಕ್ಕ ಹರಿಹಾಯ್ದರು. “ಗಂಡಸರ ಮನೀನ್ನ ಇಷ್ಟ್ ಚಂದ ಯಾರು ಇಡ್ತಾರ? ಮುಂದಿನ ಸಲ ಉಪ್ಪಿಟ್ಟು ಹೊತ್ತಸ್ರಿ.” ಮುಂದಿನ ಸಲವಂತೆ!

ಅವರೂ ಹೋದ ಮೇಲೆ ನಾನು ದೊಡ್ಡವನಂತೆ, “ಇರಲಿ, ಬೇರೆ ಕಡೆ ನೋಡೋಣ” ಎಂದೆ. ಅನಂತ ಅಂಗಿ ಬಿಚ್ಚುತ್ತ, “ನಿಮಗಷ್ಟು ಆಸೆ ಇದ್ರ ನೀವ ಆಗ್ರಿ ಮದ್ವಿ. ನಾ ಎಲ್ಲೂ ಹೋಗಂಗಿಲ್ಲ. ಹಸಿವಾಗೇದ” ಎಂದ. ತ್ಯಾಗದ ಕುರಿತು ನಾನು ವಾರವಿಡೀ ಸಿದ್ಧಪಡಿಸಿದ್ದ ಭಾಷಣ ಅಲ್ಲಿಗೆ ದಂಡವಾಯಿತು. ಚೆನ್ನಾಗಿತ್ತು, ಎರಡು ಕಡೆ ನನಗೇ ಅಳು ಬಂದಿತ್ತು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಪದ್ಮಕ್ಕ ಹೇಳಿದ ಮುಂದಿನ ಸಲಕ್ಕೆ ಇರಲಿ ಎಂದು ನಾನು ಪಾತ್ರೆಗಳನ್ನು ಕೊಂಚ ಕೊಳಕಾಗಿ ತೊಳೆಯುವುದನ್ನು ಅಭ್ಯಾಸ ಮಾಡುವಷ್ಟರಲ್ಲಿ ಅವನು ನಿದ್ದೆಹೋಗಿದ್ದ.