ಹಿಮಾಲಯಕ್ಕೆ ಗರಿಯ ಹೊದಿಕೆ

ತನ್ನಲ್ಲಿ ಪ್ರತಿಭೆ ಇಲ್ಲ ಎಂದು ಮನುಷ್ಯನಿಗೆ ಗೊತ್ತಾಗುವುದು ದುಃಖದ ಸಂಗತಿಯೇ. ಆದರೆ ಆ ಪ್ರತಿಭೆ ಇಷ್ಟು ವರ್ಷ ತನ್ನ ಮನೆಯ ಒಲೆಯ ಮುಂದೆಯೇ ಕೂತಿತ್ತು ಎಂದು ಗೊತ್ತಾಗುವುದಿದೆಯಲ್ಲ, ಆ ದುಃಖಕ್ಕೆ ಸಮಾಧಾನ ಹೇಳುವವರೇ ಸಿಗುವುದಿಲ್ಲ. ಹೇಳಲು ಬಂದವರೂ ಮನೆಯಾಕೆಯನ್ನು ಹೊಗಳಿ, ಅವಳು ಕೊಟ್ಟ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಂಡಿನಶಿವರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಡ್ರಾಯಿಂಗ್ ಮೇಷ್ಟ್ರು ಎಂದರೆ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಅವರ ಕ್ಲಾಸಿನಲ್ಲಿ ಗಲಾಟೆಯಾಗದಂತೆ ಕೂರುವವನು. ಊರಿನವರು ನನ್ನನ್ನು ಕರೆಯುತ್ತಿದ್ದುದು ಮದುವೆ ಮನೆಯ ಗೋಡೆಯ ಮೇಲೆ 'ಸುಸ್ವಾಗತ' ಬರೆಯಲು. ಆದರೂ ನನ್ನ ಮನಸ್ಸಿನಲ್ಲಿ ನಾನು ಕಲಾವಿದನೇ. ಆ ಒಂದು ನಂಬಿಕೆಯ ಮೇಲೆ ಹದಿನಾಲ್ಕು ವರ್ಷ ತಳ್ಳಿದ್ದೆ.

ನಾನು ಬರೆಯುತ್ತಿದ್ದುದು ಹಿಮಾಲಯದ ಚಿತ್ರ. ಹಿಮಾಲಯವನ್ನು ನೋಡಿದವನಲ್ಲ, ಹಿಮವನ್ನಂತೂ ಕೇಳಲೇಬೇಡಿ. ತಿಪಟೂರಿನ ಸಂತೆಯಲ್ಲಿ ಐಸ್‌ಕ್ಯಾಂಡಿಯವನು ಡಬ್ಬದ ಮುಚ್ಚಳ ತೆಗೆದಾಗ ಏಳುವ ಹೊಗೆಯೇ ನಾನು ಕಂಡ ಶೀತಪ್ರದೇಶ. ಯಾವುದೋ ಹಳೆ ಕ್ಯಾಲೆಂಡರ್ ನೋಡಿಕೊಂಡು ಬೆಟ್ಟ, ಬೆಟ್ಟದ ಕೆಳಗೊಂದು ಸರೋವರ, ಸರೋವರದಲ್ಲೊಂದು ಹಂಸ ಬರೆಯುತ್ತಿದ್ದೆ. ಕಿಟಕಿ ತೆರೆದರೆ ತೆಂಗಿನ ತೋಟ. ಅದನ್ನು ಬರೆಯುವುದೆಂದರೆ ನನಗೆ ಅವಮಾನ. ದಿನ ಬೆಳಗಾದರೆ ಕಾಣುವುದರಲ್ಲಿ ಕಲೆ ಎಲ್ಲಿಂದ ಬರಬೇಕು?

ನನ್ನ ಹೆಂಡತಿ ಗಂಗಮ್ಮ ಬಿಳಿಗೆರೆಯವಳು. ಬಿಸಾಡುವುದು ಎಂಬ ಕೆಲಸವನ್ನು ಅವಳಿಗೆ ತವರಿನಲ್ಲಿ ಯಾರೂ ಕಲಿಸಿರಲಿಲ್ಲ. ನನ್ನ ಇಂಕಿನ ಬಾಟಲಿ ಬುಡ್ಡಿದೀಪವಾಗುತ್ತಿತ್ತು. ಮುರಿದ ಕೊಡೆಯ ಕಡ್ಡಿ ಹಪ್ಪಳ ಮಗುಚಲು, ಕರಟ ಸೌಟಿಗೆ, ಹರಿದ ಸೀರೆಯ ಅಂಚು ಚೀಲದ ಹಿಡಿಗೆ. ಒಂದು ದಿನ ನನ್ನ ಸವೆದ ಕುಂಚದಲ್ಲಿ ದೋಸೆ ಕಾವಲಿಗೆ ಎಣ್ಣೆ ಸವರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಇದು ಡ್ರಾಯಿಂಗ್ ಮೇಷ್ಟ್ರ ಮನೆ ಕಣೇ, ಗುಜರಿ ಅಂಗಡಿ ಅಲ್ಲ."

"ಇರೋದ್ರಲ್ಲೇ ಆಯ್ತದೆ ಅಂದ್ಮೇಲೆ ಇಲ್ದಿದ್ದಕ್ಕೆ ಯಾಕ್ರೀ ಅಳೋದು?" ಎಂದು ದೋಸೆ ತಿರುವಿ ಹಾಕಿದಳು.

ಹೀಗಿರುವಾಗ ತುಮಕೂರಿನಲ್ಲಿ ಒಂದು ಕಲಾ ಪ್ರದರ್ಶನ, ಒಳ್ಳೆಯ ಕೃತಿಗೆ ಬಹುಮಾನ ಎಂಬ ಸುದ್ದಿ ಬಂತು. ನನ್ನ ಕಲಾಜೀವನದ ತೀರ್ಮಾನ ಇಲ್ಲೇ ಆಗಿಬಿಡಲಿ ಎಂದು ಹಿಮಾಲಯಗಳಲ್ಲೆಲ್ಲ ದೊಡ್ಡದನ್ನು ರಟ್ಟಿನ ಮೇಲೆ ಬರೆದೆ. ಪರೀಕ್ಷೆ ಕೆಲಸ ಇದ್ದುದರಿಂದ ನಾನು ಹೋಗುವಂತಿರಲಿಲ್ಲ. ಚಿತ್ರವನ್ನು ಕಿಬ್ಬನಹಳ್ಳಿಯಲ್ಲಿ ಪರಿಚಯದ ಕಂಡಕ್ಟರಿಗೆ ಒಪ್ಪಿಸುವುದೆಂದಾಯಿತು. ಆದರೆ ನಮ್ಮ ಕಡೆಯ ಬಸ್ಸಿನ ಟಾಪು ಕಾಯಿ ಮೂಟೆಗಳ ಸ್ವಂತ ಆಸ್ತಿ.

"ಮೂಟೆ ಬಿದ್ರೆ ನಿಮ್ ಬೆಟ್ಟ ಅಪ್ಪಚ್ಚಿ ಆಯ್ತದೆ ಕಣ್ರೀ. ಇಲ್ಲಿ ಕೊಡಿ," ಎಂದಳು ಗಂಗಮ್ಮ.

ಎರಡು ದಿನ ಕೂತಳು. ತೆಂಗಿನ ಎಳೆಗರಿ, ಬಲಿತ ಗರಿ ಸೇರಿಸಿ ಚಿತ್ರಕ್ಕೆ ಹೊದಿಕೆ ಹೆಣೆದಳು. ಏಟು ತಾಗದಿರಲಿ ಎಂದು ಒಳಗೆ ನಾರು ಹಾಸಿದಳು. ಮೂಲೆ ಮುಕ್ಕಾಗದಿರಲಿ ಎಂದು ನಾಲ್ಕಕ್ಕೂ ಕರಟ ಕೂರಿಸಿದಳು. ಆ ಕರಟ ಮೂಟೆಯ ಗೋಣಿಗೆ ಸಿಕ್ಕಿಕೊಳ್ಳದಿರಲಿ ಎಂದು ಗಾಜಿನ ಚೂರಿನಲ್ಲಿ ಹೊಳೆಯುವಷ್ಟು ಹೆರೆದಳು. ಯಾವ ಕಡೆ ಮೇಲೆ ಎಂದು ಕಂಡಕ್ಟರಿಗೆ ತಿಳಿಯಬೇಕಲ್ಲ, ಅದಕ್ಕೆ ಹೊರಗಡೆ ಕೆಮ್ಮಣ್ಣು, ಸುಣ್ಣದಲ್ಲಿ ನೆಟ್ಟಗೆ ನಿಂತ ಒಂದು ತೆಂಗಿನ ಮರ ಬರೆದಳು. ನಾನು ಅದನ್ನು ಎತ್ತಿ, ಅಲ್ಲಾಡಿಸಿ, "ಬಿಗಿಯಾಗಿದೆ" ಎಂದೆ. ಅವಳ ಕೈಕೆಲಸಕ್ಕೆ ನಾನು ಕೊಟ್ಟ ವಿಮರ್ಶೆ ಅಷ್ಟೇ.

ತಿಂಗಳಾದ ಮೇಲೆ ಶಾಲೆಯ ವಿಳಾಸಕ್ಕೆ ಕಾಗದ ಬಂತು. ಹೆಡ್‌ಮಾಸ್ಟರು ಸಂಭ್ರಮ ತಡೆಯದೆ ಬೆಳಗಿನ ಪ್ರಾರ್ಥನೆಯಲ್ಲೇ ಅದನ್ನು ಗಟ್ಟಿಯಾಗಿ ಓದಿದರು. "ತಾವು ಗರಿ, ನಾರು, ಕರಟಗಳಿಂದ ರಚಿಸಿದ ಅಪೂರ್ವ ಕಲಾಕೃತಿಗೆ ಮೊದಲ ಬಹುಮಾನ ಬಂದಿದೆ. ಈ ನೆಲದ ಗುರುತು ಇದರಲ್ಲಿ ಎದ್ದು ಕಾಣುತ್ತದೆ. ಕೃತಿ ಮಡಚಿಕೊಳ್ಳದಿರಲೆಂದು ಒಳಗೆ ಇಟ್ಟಿದ್ದ ಬಣ್ಣ ಮೆತ್ತಿದ ರಟ್ಟನ್ನು ಪ್ರತ್ಯೇಕವಾಗಿ ಹಿಂದಿರುಗಿಸಿದ್ದೇವೆ. ಇಂಥದೇ ಇನ್ನೊಂದನ್ನು ಬೆಂಗಳೂರಿನ ಪ್ರದರ್ಶನಕ್ಕೆ ಬೇಗ ಕಳಿಸಿಕೊಡಿ."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಆಗ ಬಾಯಿ ಬಿಟ್ಟು ನಿಜ ಹೇಳಬೇಕಿತ್ತು, ಹೇಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಮನೆಗೆ ಬಂದು, ಹಿತ್ತಲಲ್ಲಿ ನೀರೊಲೆಯ ಮುಂದೆ ಕೂತು ಅತ್ತೆ. ಹೊಗೆ ಎಂದುಕೊಂಡು ಗಂಗಮ್ಮ ಊದುಕೊಳವೆ ತಂದುಕೊಟ್ಟಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಮಾರನೆಯ ದಿನ, ಈ ಕೆಲಸ ನನ್ನದಲ್ಲ, ನನ್ನ ಹೆಂಡತಿಯದು, ಹೆಸರು ತಿದ್ದಿ ಎಂದು ತುಮಕೂರಿಗೂ ಬರೆದೆ. "ದೊಡ್ಡ ಕಲಾವಿದರ ವಿನಯ ನಮಗೆ ಗೊತ್ತಿಲ್ಲದ್ದಲ್ಲ" ಎಂದು ಉತ್ತರ ಬಂತು. ನಿಜ ಹೇಳಿಯೂ ಕಳ್ಳನಾಗಿ ಉಳಿಯುವ ಯೋಗ ಎಲ್ಲರಿಗೂ ಬರುವುದಿಲ್ಲ.

ಇನ್ನು ಬೆಂಗಳೂರಿನದು. ಗರಿ, ನಾರು ಎಲ್ಲ ಮುಂದಿಟ್ಟು, "ಇನ್ನೊಂದು ಮಾಡೇ" ಎಂದೆ. ಮೂರು ದಿನ ಗರಿಯನ್ನು ಹೆಣೆದಳು, ಬಿಚ್ಚಿದಳು. ಕೊನೆಗೆ ಪಕ್ಕಕ್ಕೆ ತಳ್ಳಿದಳು.

"ಆಗಕಿಲ್ಲ ಬುಡಿ. ಒಳಗೆ ಏನಿಕ್ಕೋದು ಅಂತ ಗೊತ್ತಿಲ್ದೆ ಹೆಂಗ್ರೀ ಹೆಣೆಯೋದು?"

"ಒಳಗೆ ಏನೂ ಬೇಡ ಕಣೇ. ಅವರಿಗೆ ಬೇಕಾಗಿರೋದು ಹೊರಗಿಂದೇ."

"ಏನೂ ಇಲ್ದಿದ್ಕೆ ಯಾರಾನ ಹೊದಿಸ್ತಾರಾ? ನೀವೊಂದು ಬೆಟ್ಟ ಬರ್ಕೊಡಿ, ಆಗ ಕೈ ಓಡ್ತದೆ."

ಬೇರೆ ದಾರಿ ಇರಲಿಲ್ಲ. ರಟ್ಟು ತಂದು, ಯಾರೂ ನೋಡುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದ ಚಿತ್ರವನ್ನು ಬರೆಯಲು ಕೂತೆ. ಹಂಸದ ಕೊಕ್ಕಿಗೆ ಕೆಂಪು ಹಚ್ಚುತ್ತಿದ್ದೆ. ಹಿಂದೆ ಬಂದು ನಿಂತ ಗಂಗಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕೊನೆಗೂ ಒಬ್ಬರಾದರೂ ನೋಡಿದರಲ್ಲ ಎಂದು ನನ್ನ ಎದೆ ತುಂಬಿ ಬಂತು. ಅವಳು ಸೆರಗಿನಿಂದ ಗರಿಯೊಂದನ್ನು ತೆಗೆದು ರಟ್ಟಿನ ಮೇಲಿಟ್ಟು, ಮಿಕ್ಕ ಜಾಗವನ್ನು ಬೆರಳಿನಲ್ಲಿ ಅಳೆದಳು.

"ಈ ಸಲ ಗರಿ ಗಿಡ್ಡ ಕಣ್ರೀ. ಬೆಟ್ಟಾನ ನಾಕು ಬೆಟ್ಟು ಕಮ್ಮಿ ಮಾಡ್ಕೊಳ್ಳಿ," ಎಂದಳು.

ಕತ್ತರಿ ತಂದು ಹಿಮಾಲಯದ ಶಿಖರವನ್ನು ನಾನೇ ಕತ್ತರಿಸಿದೆ. ನೆಟ್ಟಗೆ ಕತ್ತರಿಸಿದೆನಂತೆ, ಗಂಗಮ್ಮ ಮೆಚ್ಚಿಕೊಂಡಳು.